ಮೂರು ಪೆಡಲ್, ಬಲದಿಂದ ಎಡಕ್ಕೆ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಪಿಸು ಎಂದೇ ಕರೆಯುತ್ತಿದ್ದರು. ಅವಳ ದನಿಯೇ ಪಿಸುಮಾತಿನಷ್ಟು, ಅದೂ ಅಪರೂಪಕ್ಕೆ. ಯಾರಾದರೂ ಮೇಜಿನ ಮುಂದೆ ಬಂದು ನಿಂತರೆ ಅವಳ ಕಣ್ಣು ಮೊದಲು ಕೀಲಿಮಣೆಗೆ ಹೋಗಿ, ಅಲ್ಲಿಂದ ಬಂದವರ ಅಂಗಿಯ ಗುಂಡಿಗೆ ಏರಿ, ಮುಖಕ್ಕೆ ತಲುಪುವಷ್ಟರಲ್ಲಿ ಬಂದವರು ಹೊರಟೇ ಬಿಟ್ಟಿರುತ್ತಿದ್ದರು.

ಕಚೇರಿ ಎಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಉದ್ದನೆಯ ಕೋಣೆ. ಕೆಳಗೆ ಟ್ಯೂಬಿಗೆ ಗಾಳಿ ಹೊಡೆದರೆ ಮೇಲೆ ಕಿಟಕಿಯ ಗಾಜು ನಡುಗುತ್ತಿತ್ತು. ಇದ್ದವರು ನಾಲ್ಕೇ ಮಂದಿ. ಒಡತಿಯಾದ ಮೇಡಂ, ಇನ್ನೂ ನಲವತ್ತು ದಾಟದಿದ್ದರೂ ಪ್ರತಿ ಮಾತನ್ನೂ ‘ನಮ್ಮ ಕಾಲದಲ್ಲಿ’ ಎಂದೇ ಶುರುಮಾಡಿ ‘ತಾತ’ ಎನಿಸಿಕೊಂಡಿದ್ದ ಪ್ರೋಗ್ರಾಮರ್, ದಿನವಿಡೀ ಗಿರಾಕಿಗಳ ಜೊತೆ ಮಾತಾಡುವ ಫೋನಣ್ಣ, ಮತ್ತೆ, ಡಿಗ್ರಿ ಮುಗಿಸಿ ಹೊಸದಾಗಿ ಸೇರಿದ್ದ ಪಿಸು. ಊರಿನ ಡ್ರೈವಿಂಗ್ ಶಾಲೆಯೊಂದಕ್ಕೆ ಅವರು ಆ್ಯಪ್ ಮಾಡಿಕೊಟ್ಟಿದ್ದರು. ಗಾಡಿ ಹತ್ತುವ ಮೊದಲು ಮನೆಯಲ್ಲೇ ಕೂತು ರಸ್ತೆ ಗುರುತು, ಗೇರು, ಪೆಡಲ್ ಎಲ್ಲವನ್ನೂ ಆಟದ ಹಾಗೆ ಕಲಿಯಬಹುದು. ಸರಿ ಉತ್ತರ ಮುಟ್ಟಿದರೆ ಒಳಗಿನಿಂದ ಯಾರೋ ಖುಷಿಯಿಂದ ‘ಶಭಾಷ್’ ಎನ್ನುತ್ತಿದ್ದರು. ಅದು ಫೋನಣ್ಣನದೇ ದನಿ.

ಡ್ರೈವಿಂಗ್ ಮೇಷ್ಟ್ರು ಒಂದು ದಿನ ಮೆಟ್ಟಿಲು ಹತ್ತಿ ಬಂದು ದೂರಿಕೊಂಡರು. ಊರಲ್ಲಿ ಬಲದಿಂದ ಎಡಕ್ಕೆ ಓದುವ ಜನ ಬೇಕಾದಷ್ಟಿದ್ದಾರೆ. ಅವರ ಲಿಪಿಯಲ್ಲೂ ಆ್ಯಪ್ ಇದೆ ಎಂದು ಬೋರ್ಡು ಹಾಕಿದ್ದೇನೆ. ಆದರೆ ಒಬ್ಬರೂ ಎರಡನೆಯ ಪಾಠ ದಾಟುತ್ತಿಲ್ಲ, ಬೇಜಾರಾಗಿ ಅಳಿಸಿಹಾಕುತ್ತಿದ್ದಾರೆ. ಏನಾಗಿದೆ ನೋಡಿ ಎಂದರು.

ಮೇಡಂ ಆ ಕೆಲಸವನ್ನು ಪಿಸುವಿಗೆ ಕೊಟ್ಟರು. ಬಾಯಿ ಬಿಡದವಳು ಕಣ್ಣನ್ನಾದರೂ ಬಿಟ್ಟುಕೊಂಡು ನೋಡುತ್ತಾಳೆ ಎಂಬ ನಂಬಿಕೆ ಅವರದು.

ಪಿಸುವಿಗೆ ನೋಡಲು ದೂರ ಹೋಗಬೇಕಾಗಿರಲಿಲ್ಲ. ಅವಳು ಬಾಡಿಗೆಗಿದ್ದ ಕೋಣೆಯ ಕೆಳಗಿನ ಮನೆಯಲ್ಲೇ ದರ್ಜಿ ಅತ್ತೆ ಇದ್ದಳು. ರಕ್ತಸಂಬಂಧದ ಅತ್ತೆಯೇನಲ್ಲ. ಬೀದಿಗೆಲ್ಲ ಅವಳು ಅತ್ತೆ. ಮಾತು ಎಲ್ಲರ ಮಾತೇ. ಓದು ಮಾತ್ರ ಬಲದಿಂದ ಎಡಕ್ಕೆ, ಶಾಲೆಯಲ್ಲಿ ಕಲಿತ ಲಿಪಿ ಅದೊಂದೇ. ಗಂಡ ಹಡಗಿನ ಕೆಲಸದವನು, ವರ್ಷದ ಬಹುಪಾಲು ನೀರಿನ ಮೇಲೆ. ಅತ್ತೆ ಹೋಟೆಲುಗಳಿಗೆ ಪರದೆ, ಕೆಲಸಗಾರರಿಗೆ ಸಮವಸ್ತ್ರ ಹೊಲಿದು, ಅವನ್ನು ತಲುಪಿಸಲಿಕ್ಕೆಂದೇ ಒಂದು ಪುಟ್ಟ ವ್ಯಾನು ಇಟ್ಟುಕೊಂಡಿದ್ದಳು. ವ್ಯಾನು ಅವಳದು, ಓಡಿಸುವವನು ಅವಳ ಮೈದುನ. ಹತ್ತು ಗಂಟೆಗೆ ಪರದೆ ಬೇಕೆಂದರೆ ಅವನು ಹನ್ನೆರಡಕ್ಕೆ ತಲೆ ಬಾಚುತ್ತಿದ್ದ. ಎಷ್ಟೋ ಸಲ ಪರದೆಗಳು ಗೆಳೆಯರ ಮನೆಯ ಸೋಫಾ ಜೊತೆ ಊರೆಲ್ಲ ಸುತ್ತಿ ಸಂಜೆಗೆ ತಲುಪುತ್ತಿದ್ದವು. ಕೊನೆಗೊಂದು ದಿನ ಅತ್ತೆಗೂ ಮೈದುನನಿಗೂ ಜೋರು ಮಾತಾಗಿ, ಬೀದಿಯವರ ಎದುರೇ ಒಂದು ಒಪ್ಪಂದವಾಯಿತು: ಮುಂದಿನ ತಿಂಗಳ ಕೊನೆಯ ಡ್ರೈವಿಂಗ್ ಪರೀಕ್ಷೆಯಲ್ಲಿ ಅತ್ತೆ ಪಾಸಾದರೆ ಕೀಲಿ ಅವಳ ಕೈಗೆ. ಆಗದಿದ್ದರೆ ಕೀಲಿ ಅವನ ಜೇಬಿನಲ್ಲೇ, ಇನ್ನು ಮೇಲೆ ಅವನ ಹೊತ್ತುಗೊತ್ತಿನ ಬಗ್ಗೆ ಅತ್ತೆ ತುಟಿ ಪಿಟಕ್ಕೆನ್ನುವಂತಿಲ್ಲ.

ಹೀಗಾಗಿ ಪಿಸುವಿಗೆ ನೋಡಲು ಒಬ್ಬಳು ಸಿಕ್ಕಳು, ಅತ್ತೆಗೆ ಕಲಿಯಲು ಒಂದು ಆ್ಯಪ್ ಸಿಕ್ಕಿತು. ಸಂಜೆ ಹೊಲಿಗೆ ಕೋಣೆಯ ಮೂಲೆಯಲ್ಲಿ, ಪರದೆ ಬಟ್ಟೆಯ ರಾಶಿಗೆ ಒರಗಿ, ಪಿಸು ಅತ್ತೆಯ ಬೆರಳು ಎಲ್ಲಿ ಹೋಗುತ್ತದೆ, ಎಲ್ಲಿ ತಡೆಯುತ್ತದೆ ಎಂದು ನೋಡುತ್ತ ಕೂತಳು.

ಬೆರಳು ಹೆಜ್ಜೆಹೆಜ್ಜೆಗೂ ತಡೆಯುತ್ತಿತ್ತು. ಅಕ್ಷರಗಳೇನೋ ಬಲದಿಂದ ಶುರುವಾಗುತ್ತಿದ್ದವು, ಮಿಕ್ಕಿದ್ದೆಲ್ಲ ಎಡದಿಂದ. ಮುಂದಿನ ಪಾಠಕ್ಕೆ ಹೋಗುವ ಬಾಣ ಅತ್ತೆಯ ಕಣ್ಣಿಗೆ ಹಿಂದಕ್ಕೆ ಹೋಗು ಎನ್ನುತ್ತಿತ್ತು. ಪಾಠ ಎಷ್ಟು ಮುಗಿಯಿತೆಂದು ತೋರಿಸುವ ಹಸಿರು ಪಟ್ಟಿಯನ್ನು ನೋಡಿ, ಇದು ತುಂಬುತ್ತಿದೆಯೋ ಖಾಲಿಯಾಗುತ್ತಿದೆಯೋ ಎಂದು ಅವಳು ಕೇಳಿದಳು.

“ಅಕ್ಷರ ನಮ್ಮದು, ಮನೆ ನಿಮ್ಮದು ಕಣೇ,” ಎಂದಳು ಕನ್ನಡಕ ತೆಗೆದು. “ಒಳಗೆ ಬಂದವಳಿಗೆ ಬಾಗಿಲೇ ಬೆನ್ನ ಹಿಂದೆ.”

ಪಿಸು ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೆಲಸ ಮಾಡಿದಳು. ಇಡೀ ಮನೆಯನ್ನೇ ತಿರುಗಿಸಬೇಕು, ಆದರೆ ಎಲ್ಲವನ್ನೂ ಅಲ್ಲ. ಫೋನ್ ನಂಬರನ್ನು ತಿರುಗಿಸಿದರೆ ಕರೆ ಇನ್ನಾರಿಗೋ ಹೋದೀತು. ಗಡಿಯಾರದ ಮುಳ್ಳು ಯಾರ ಊರಲ್ಲೂ ಒಂದೇ ದಿಕ್ಕಿಗೆ ತಿರುಗುವುದು. ರಸ್ತೆ ಗುರುತುಗಳನ್ನು ತಿರುಗಿಸಿದರಂತೂ ಜನ ಸೇತುವೆ ಬಿಟ್ಟು ನೀರಿಗೇ ಇಳಿದಾರು. ಒಂದೊಂದೇ ಚಿತ್ರ ನೋಡಿ, ಇದು ತಿರುಗಲಿ, ಇದು ಬೇಡ ಎಂದು ಅವಳು ಬೇರ್ಪಡಿಸಿದಳು. ಮಿಕ್ಕ ಸಾಲುಗಳೆಲ್ಲ, ಬಟನ್ನು, ಪಟ್ಟಿ, ಬಾಣ, ಎಲ್ಲವೂ ಒಂದೇ ಆಜ್ಞೆಗೆ ಪಲ್ಟಿ ಹೊಡೆದವು. ತಾತ ಹಿಂದೆ ಬಂದು ನಿಂತು ನೋಡಿ, ನಮ್ಮ ಕಾಲದಲ್ಲಿ ಇದಕ್ಕೆ ಆರು ತಿಂಗಳು ಹಿಡಿಯುತ್ತಿತ್ತು ಎಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಪಿಸುವಿನ ಕಿವಿಯ ತುದಿ ಕೆಂಪಾಯಿತು.

ಎಲ್ಲರಿಗೂ ಬಿಡುವ ಮೊದಲು ಕೆಲವು ವಾರ ಅತ್ತೆಯೊಬ್ಬಳೇ ಬಳಸಿ ನೋಡಲಿ ಎಂದು ಮೇಡಂ ಹೇಳಿದರು. ಅತ್ತೆಯ ಕೈಯಲ್ಲಿ ಹೊಸ ಆ್ಯಪ್ ನೀರು ಕುಡಿದಷ್ಟು ಸಲೀಸಾಯಿತು. ಬಾಣ ಬೇಕಾದ ಕಡೆ ಇತ್ತು, ಹಸಿರು ಪಟ್ಟಿ ಬಲದಿಂದ ತುಂಬಿಕೊಂಡು ಬರುತ್ತಿತ್ತು. ಒಂದರ ಹಿಂದೊಂದು ಪಾಠ ಮುಗಿಸುತ್ತ ಅವಳು ಪೆಡಲ್ ಪಾಠಕ್ಕೆ ಬಂದಳು. ಕಾಲಿನ ಕೆಲಸವೆಂದರೆ ದರ್ಜಿಗೆ ಹೇಳಿಕೊಡಬೇಕೆ. ಫೋನಿನಲ್ಲಿ ಮೂರು ಪೆಡಲ್ ಹೇಗಿದ್ದವೋ ಹಾಗೆಯೇ ಒಂದು ದಪ್ಪ ಬಟ್ಟೆಯ ಮೇಲೆ ಮೂರು ಬಣ್ಣದ ತುಂಡು ಹೊಲಿದು, ಕತ್ತರಿಸುವ ಮೇಜಿನ ಕೆಳಗೆ ಹಾಸಿದಳು. ಕ್ಲಚ್ಚಿಗೆ ನೀಲಿ, ಬ್ರೇಕಿಗೆ ಕೆಂಪು, ಆಕ್ಸಿಲರೇಟರಿಗೆ ಹಸಿರು. ಗುಂಡಿ ಹಚ್ಚುತ್ತಲೇ ಕೆಳಗೆ ಕಾಲು ಅಭ್ಯಾಸ ಮಾಡುತ್ತಿತ್ತು. ಒಂದು ವಾರ ಕಳೆಯುವಷ್ಟರಲ್ಲಿ ಫೋನು ‘ಕ್ಲಚ್’ ಎನ್ನುವ ಮೊದಲೇ ಅವಳ ಕಾಲು ನೀಲಿಯ ಮೇಲಿರುತ್ತಿತ್ತು. ಮನೆಯೊಳಗಿನಿಂದ ಬೀದಿಗೆ ಕೇಳುವ ಹಾಗೆ ಶಭಾಷ್, ಶಭಾಷ್, ಶಭಾಷ್.

ಮೈದುನ ಬಾಗಿಲಲ್ಲಿ ನಿಂತು, ಅತ್ತಿಗೆ ಮೇಜನ್ನೇ ಓಡಿಸಿಕೊಂಡು ಹೋಗುತ್ತಾರೇನೋ ಎಂದು ಹಲ್ಲು ಕಿರಿದ.

ಮೊದಲ ಸಲ ಗಾಡಿ ಹತ್ತುವ ದಿನ ಪಿಸುವೂ ಹಿಂದಿನ ಸೀಟಿನಲ್ಲಿ ಕೂತಳು, ಆ್ಯಪ್ ಎಷ್ಟು ಉಪಯೋಗಕ್ಕೆ ಬಂತೆಂದು ನೋಡಿಬರಲು ಮೇಡಂ ಕಳಿಸಿದ್ದರು. ಶಾಲೆಯ ಕಾರು, ಊರ ಹೊರಗಿನ ಖಾಲಿ ಮೈದಾನ. ಮೈದುನ ತಾನೂ ವ್ಯಾನಿನಲ್ಲಿ ಬಂದು, ಅದಕ್ಕೆ ಒರಗಿ, ಕೈಕಟ್ಟಿ ನಿಂತಿದ್ದ. ಪೆಡಲ್ ಪಾಠದಲ್ಲಿ ಅತ್ತೆಗೆ ಪೂರ್ತಿ ಅಂಕ ಬಂದಿದ್ದನ್ನು ಮೇಷ್ಟ್ರು ಫೋನಿನಲ್ಲಿ ನೋಡಿ ಬೀಗಿದರು. ಹಾಗಾದರೆ ಅದನ್ನೆಲ್ಲ ಮತ್ತೆ ಹೇಳುವುದೇನು ಎಂದು ನೇರ ಎಂಜಿನ್ ಶುರುಮಾಡಿಸಿ, ಕ್ಲಚ್ ಒತ್ತಿ ಎಂದರು.

ಅತ್ತೆ ಒತ್ತಿದಳು. ಕಾರು ಘರ್ ಎಂದು ಕೂಗಿತು.

ಕ್ಲಚ್, ಕ್ಲಚ್ ಎಂದರು ಮೇಷ್ಟ್ರು. ಅತ್ತೆ ಇನ್ನೂ ಜೋರಾಗಿ ಒತ್ತಿದಳು. ಮೈದಾನದ ಹಕ್ಕಿಗಳೆಲ್ಲ ಎದ್ದು ಹಾರಿದವು. ಮೇಷ್ಟ್ರ ಕಾಲ ಕೆಳಗೂ ಪೆಡಲ್ ಇದ್ದುದರಿಂದ ಅವರೇ ಹೇಗೋ ಗೇರು ಹಾಕಿ ಕಾರನ್ನು ನಾಲ್ಕು ಮಾರು ಸರಿಸಿದರು. ಈಗ ಮೆಲ್ಲಗೆ ಆಕ್ಸಿಲರೇಟರ್ ಕೊಡಿ ಎಂದರೆ ಕಾರು ಓಡುವ ಬದಲು ಸುಸ್ತಾದ ಎತ್ತಿನ ಹಾಗೆ ನಿಧಾನವಾಯಿತು. ಇನ್ನೂ ಕೊಡಿ ಎಂದರೆ ನಿಂತೇ ಹೋಯಿತು. ಬ್ರೇಕ್ ಎಂದಾಗ ಮಾತ್ರ ಗಕ್ಕನೆ ಬ್ರೇಕೇ ಬಿತ್ತು. ಹೀಗೇ ಅರ್ಧ ಗಂಟೆ. ಕೊನೆಗೆ ಮೇಷ್ಟ್ರು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ, ಅಮ್ಮ, ಎಲ್ಲರಿಗೂ ಎಲ್ಲವೂ ಬರಬೇಕೆಂದೇನಿಲ್ಲ ಎಂದು ಮೆತ್ತಗೆ ಹೇಳಿದರು. ಮೈದುನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಅತ್ತೆ ನಗಲೂ ಇಲ್ಲ, ಬೈಯಲೂ ಇಲ್ಲ. ಬಾಗಿಲು ತೆಗೆದು ಇಳಿದು, ತನ್ನ ಕಾಲುಗಳನ್ನು ಯಾರದೋ ಕಾಲುಗಳೆಂಬಂತೆ ಒಂದು ಸಲ ನೋಡಿಕೊಂಡು, ಬಸ್ ನಿಲ್ದಾಣದ ಕಡೆ ನಡೆದಳು.

ಪಿಸುವಿಗೆ ಅಷ್ಟುಹೊತ್ತಿಗಾಗಲೇ ವಿಷಯ ತಿಳಿದಿತ್ತು. ಹಿಂದಿನ ಸೀಟಿನಿಂದ ಬಗ್ಗಿ ಅವಳು ನೋಡಿದ್ದು ಅತ್ತೆಯ ಪಾದಗಳನ್ನೇ. ಆ ಪಾದಗಳು ಒಂದು ಸಲವೂ ತಡವರಿಸಿರಲಿಲ್ಲ. ಕ್ಲಚ್ ಎಂದಾಗ ಬಲ ತುದಿಗೆ, ಆಕ್ಸಿಲರೇಟರ್ ಎಂದಾಗ ಎಡ ತುದಿಗೆ, ಮೇಜಿನ ಕೆಳಗಿನ ನೀಲಿ ಹಸಿರು ತುಂಡುಗಳು ಇದ್ದಲ್ಲಿಗೇ ಹೋಗಿದ್ದವು. ಫೋನಿನಲ್ಲೂ ಅವು ಹಾಗೇ ಇದ್ದವು. ಯಾಕೆಂದರೆ ಆ ಮೂರು ಪೆಡಲ್‌ಗಳು ಚಿತ್ರವಾಗಿರಲಿಲ್ಲ, ಸಾಲಾಗಿ ಕೂರಿಸಿದ ಮೂರು ಬಟನ್ನುಗಳು. ಎಲ್ಲ ಸಾಲುಗಳೂ ತಿರುಗಿದಾಗ ಈ ಸಾಲೂ ಸದ್ದಿಲ್ಲದೆ ತಿರುಗಿಕೊಂಡಿತ್ತು. ನಡುವಿನದು ಯಾವ ಕಡೆಯಿಂದ ಎಣಿಸಿದರೂ ಬ್ರೇಕೇ, ಅದಕ್ಕೇ ಯಾರ ಕೈಕಾಲೂ ಮುರಿಯಲಿಲ್ಲ.

ಹೇಳಬೇಕೆಂದು ಅವಳು ಬಾಯಿ ತೆರೆದಳು. ಮೇಷ್ಟ್ರ ಅಂಗಿಯ ಮೂರನೆಯ ಗುಂಡಿಯವರೆಗೆ ಕಣ್ಣು ಏರಿತು. ಅಷ್ಟರಲ್ಲಿ ಮೇಷ್ಟ್ರು ಮುಂದಿನ ಶಿಷ್ಯನನ್ನು ಕರೆದಾಗಿತ್ತು.

ಅವಳು ಕಚೇರಿಗೆ ಓಡಿದಳು. ಮೂವರ ಎದುರು ನಿಂತು, ಒಂದೊಂದೇ ಶಬ್ದವನ್ನು ಬಾವಿಯಿಂದ ಸೇದಿದ ಹಾಗೆ ಸೇದಿ, ನಡೆದದ್ದನ್ನು ಹೇಳಿದಳು. ಕ್ಲಚ್ ನಿಜವಾಗಿ ಯಾವ ಕಡೆ ಇರುವುದು ಎಂದು ಮೇಡಂ ತಾತನನ್ನು ಕೇಳಿದರು. ತಾತ ಫೋನಣ್ಣನ ಮುಖ ನೋಡಿದ. ಫೋನಣ್ಣ ಚಾವಣಿ ನೋಡಿದ. ತಾತ ಬರುತ್ತಿದ್ದುದು ಸೈಕಲ್ಲಿನಲ್ಲಿ, ಮೇಡಂ ಬಸ್ಸಿನಲ್ಲಿ, ಫೋನಣ್ಣ ನಡೆದುಕೊಂಡು. ಗಾಡಿ ಓಡಿಸಲು ಕಲಿಸುವ ಆ್ಯಪ್ ಮಾಡಿದ ನಾಲ್ವರಲ್ಲಿ ಒಬ್ಬರಿಗೂ ಗಾಡಿ ಓಡಿಸಲು ಬರುತ್ತಿರಲಿಲ್ಲ. ಪಿಸು ಪೆಡಲ್ ಸಾಲನ್ನು ದಿನಕ್ಕೆ ಹತ್ತು ಸಲ ನೋಡಿದ್ದಳು, ಅದು ಅವಳ ಕಣ್ಣಿಗೆ ಚೆಂದವಾಗಿಯೇ ಕಂಡಿತ್ತು.

ಮೇಡಂ ಮೊದಲು ತಲೆ ಚಚ್ಚಿಕೊಂಡರು, ಆಮೇಲೆ ನಗು ತಡೆಯಲಾರದೆ ಮೇಜಿನ ಮೇಲೆ ಮುಖ ಇಟ್ಟರು. ಸಾಲನ್ನು ಸರಿಮಾಡುವುದು ಚಹಾ ಆರುವ ಮೊದಲೇ ಮುಗಿಯಿತು. ಹೊಸ ಆ್ಯಪ್ ಇನ್ನೂ ಹೊರಗೆ ಹೋಗಿಲ್ಲವಲ್ಲ, ಬಚಾವು ಎಂದ ತಾತ. ಆದರೆ ಅದು ಒಬ್ಬಳ ಕಾಲಿಗೆ ಹೋಗಿ ಕೂತಿತ್ತು. ಅದನ್ನು ಸರಿಮಾಡುವ ಆಜ್ಞೆ ಯಾವ ಕೀಲಿಮಣೆಯಲ್ಲೂ ಇರಲಿಲ್ಲ.

ಸಂಜೆ ಪಿಸು ಮನೆಗೆ ಬಂದಾಗ ಅತ್ತೆಯ ಬಾಗಿಲು ತೆರೆದಿತ್ತು. ಒಳಗೆ ಮೈದುನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ, ಬೆರಳಿಗೆ ವ್ಯಾನಿನ ಕೀಲಿ ಸಿಕ್ಕಿಸಿ ಗಿರಗಿರನೆ ತಿರುಗಿಸುತ್ತಿದ್ದ. ಪರೀಕ್ಷೆಯವರೆಗೆ ಕಾಯುವುದೇಕೆ, ಇವತ್ತೇ ತೀರ್ಮಾನವಾಗಲಿ ಎಂಬುದು ಅವನ ವಾದ. ಅತ್ತೆ ಪರದೆಯೊಂದರ ಅಂಚು ಮಡಚುತ್ತ, ಆಗಲಿಯಪ್ಪ, ನೀನೇ ಇಟ್ಟುಕೋ, ನನ್ನ ಕಾಲಿಗೆ ಮಂಕು ಬಡಿದಿದೆ ಎನ್ನುತ್ತಿದ್ದಳು. ಬಣ್ಣದ ಚಾಪೆ ಸುರುಳಿಯಾಗಿ ಮೂಲೆ ಸೇರಿತ್ತು.

ಪಿಸು ಮೆಟ್ಟಿಲು ಹತ್ತಿ ತನ್ನ ಕೋಣೆಗೆ ಹೋಗಿಬಿಡಬಹುದಿತ್ತು. ನಾಳೆ ಹೇಳೋಣ, ಅತ್ತೆ ಒಬ್ಬಳೇ ಇರುವಾಗ ಹೇಳೋಣ ಎಂದು ಕಾಲು ಮೆಟ್ಟಿಲ ಕಡೆಗೇ ಎಳೆಯಿತು. ನಾಳೆಯ ಹೊತ್ತಿಗೆ ಕೀಲಿ ಹೋಗಿರುತ್ತದೆ. ಅವಳು ಹೊಸಿಲು ದಾಟಿದಳು.

“ಅತ್ತೆ, ನಿಮ್ಮ ಕಾಲು ಸರಿಯಾಗಿದೆ,” ಎಂದಳು. “ನಾನು ಪೆಡಲ್ ತಿರುಗಾಮುರುಗಾ ಇಟ್ಟಿದ್ದೆ. ನೀವು ನಾನು ಕಲಿಸಿದ ಹಾಗೇ ಒತ್ತಿದ್ರಿ. ಒಂದೂ ತಪ್ಪಿಲ್ಲ.”

ಹೊಲಿಗೆ ಕೋಣೆಯಲ್ಲಿ ಅಷ್ಟು ದೊಡ್ಡ ದನಿಯಲ್ಲಿ ಅವಳು ಮಾತಾಡಿದ್ದು ಅದೇ ಮೊದಲು. ಮೈದುನನ ಬೆರಳಲ್ಲಿ ಕೀಲಿ ತಿರುಗುವುದು ನಿಂತಿತು. ಪಿಸು ಚಾಪೆ ಬಿಡಿಸಿ ಹಾಸಿ, ನೀಲಿ ಇರಬೇಕಾದಲ್ಲಿ ಹಸಿರು, ಹಸಿರು ಇರಬೇಕಾದಲ್ಲಿ ನೀಲಿ ಎಂದು ಕೈಯಿಟ್ಟು ತೋರಿಸಿದಳು. ಅತ್ತೆ ಅದನ್ನೇ ನೋಡಿದಳು. ಪಿಸು ಬೈಗುಳಕ್ಕೆ ಕಾದಳು.

“ಅಂದ್ರೆ ನಾನು ದಡ್ಡಿ ಅಲ್ಲ,” ಎಂದಳು ಅತ್ತೆ.

“ಅಲ್ಲ.”

“ಅಷ್ಟು ಚೆನ್ನಾಗಿ ಕಲಿತಿದ್ನಾ?”

“ಬಹಳ ಚೆನ್ನಾಗಿ.”

ಅತ್ತೆ ನಗಲು ಶುರುಮಾಡಿದಳು. ಮಡಚಿದ ಪರದೆ ಜಾರಿ ಬಿತ್ತು, ಕನ್ನಡಕ ಮಂಜಾಯಿತು. ಹಕ್ಕಿಗಳು ಹಾರಿದ್ದು ನೆನಪಾಗಿ ಮತ್ತೆ ನಕ್ಕಳು. ಮೈದುನ, ತಪ್ಪು ಯಾರದೇ ಇರಲಿ, ಪರೀಕ್ಷೆಯ ಕಾರಿನಲ್ಲಿ ಕ್ಲಚ್ ಎದ್ದು ಈ ಕಡೆಗೆ ಬರುವುದಿಲ್ಲ, ಕಾಲಿಗೆ ಒಮ್ಮೆ ಹತ್ತಿದ್ದು ಅಷ್ಟು ಬೇಗ ಇಳಿಯುವುದೂ ಇಲ್ಲ ಎಂದ. ಅವನ ಮಾತಲ್ಲಿ ಸುಳ್ಳೇನಿರಲಿಲ್ಲ.

“ಒಂದು ಅಂಗಿಗೆ ಎಷ್ಟು ತೋಳಪ್ಪ?” ಎಂದು ಅತ್ತೆ ಅವನನ್ನು ಕೇಳಿದಳು. “ಎಡ ತೋಳು ಕತ್ತರಿಸಿದ ಮೇಲೆ ಬಟ್ಟೆ ಮಗುಚಿ ಬಲ ತೋಳು ಕತ್ತರಿಸ್ತೀನಿ. ಇಷ್ಟು ವರ್ಷದಲ್ಲಿ ಯಾರಾದ್ರೂ ಎರಡು ಎಡ ತೋಳು ಹಾಕ್ಕೊಂಡು ಹೋಗಿದ್ದಾರಾ? ಕೀಲಿ ಆ ಮೊಳೆಗೆ ನೇತುಹಾಕು. ಪರೀಕ್ಷೆ ಆದ್ಮೇಲೆ ಮಾತು.”

ಹೇಳುವುದೇನೋ ಹೇಳಿದಳು, ಮಾಡುವುದು ಅಷ್ಟು ಸುಲಭವಾಗಿರಲಿಲ್ಲ. ತಲೆ ಮಗುಚಿಕೊಂಡಿತು, ಕಾಲು ಮಾತ್ರ ಹಟ ಹಿಡಿಯಿತು. ಚಾಪೆಯ ನೀಲಿ ಹಸಿರುಗಳನ್ನು ಬಿಚ್ಚಿ ಅದಲುಬದಲು ಹೊಲಿದಾಯಿತು. ತಪ್ಪು ಮಾಡಿದವಳು ನೀನೂ ಕಲಿ ಎಂದು ಅತ್ತೆ ಪಿಸುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅವಳಿಗೊಂದು ಚಾಪೆ ಹೊಲಿದುಕೊಟ್ಟಳು. ಹೊಲಿಗೆ ಮಿಷನ್ನಿನ ಸದ್ದಿನ ನಡುವೆ ಪಿಸು ‘ಕ್ಲಚ್’, ‘ಬ್ರೇಕ್’ ಎಂದು ಕೂಗಬೇಕು. ಮೆಲ್ಲಗೆ ಕೂಗಿದರೆ ಅತ್ತೆ, ಏನು, ಸೊಳ್ಳೆ ಬಂತೇ ಎಂದು ಕೇಳುವಳು. ಒಮ್ಮೆ ಅತ್ತೆಯ ಕಾಲು ತಪ್ಪಿ ಮಿಷನ್ನಿನ ಪೆಡಲ್ ಮೇಲೆ ಬಿದ್ದು, ಹೋಟೆಲಿನ ಪರದೆಯೊಂದಕ್ಕೆ ಬೇಡದ ಕಡೆ ಉದ್ದಕ್ಕೂ ಹೊಲಿಗೆ ಬಿತ್ತು. ಅದನ್ನು ಬಿಚ್ಚುತ್ತ ಇಬ್ಬರೂ ನಕ್ಕರು. ಸುದ್ದಿ ತಿಳಿದ ಮೇಷ್ಟ್ರು ಈ ಸಲ ಪೆಡಲ್‌ನಿಂದಲೇ ಪಾಠ ಶುರುಮಾಡಿದರು. ಕಚೇರಿಯ ನಾಲ್ವರೂ ಕಡ್ಡಾಯವಾಗಿ ಡ್ರೈವಿಂಗ್ ಕಲಿಯತಕ್ಕದ್ದು ಎಂದು ಮೇಡಂ ಹುಕುಂ ಹೊರಡಿಸಿದ್ದರಿಂದ ಮೇಷ್ಟ್ರ ಮುಖ ಅರಳಿತ್ತು. ತಾತ ಮೊದಲ ದಿನವೇ ಕಾರನ್ನು ಮೈದಾನದ ಬೇಲಿಗೇ ನುಗ್ಗಿಸಿ ನಿಲ್ಲಿಸಿ, ನಮ್ಮ ಕಾಲದಲ್ಲಿ ಇಲ್ಲಿ ಬೇಲಿ ಇರಲಿಲ್ಲ ಎಂದನಂತೆ.

ಪರೀಕ್ಷೆಯ ಬೆಳಿಗ್ಗೆ ಪಿಸು, ಮೈದುನ ಇಬ್ಬರೂ ಕಟ್ಟೆಯ ಮೇಲೆ ಕೂತರು. ಪರೀಕ್ಷಕರು ಮೀಸೆಯ ಮನುಷ್ಯ, ಮುಖದಲ್ಲಿ ನಗುವಿನ ಪಸೆಯಿಲ್ಲ. ಅತ್ತೆ ಸುತ್ತು ಹೊಡೆದಳು, ತಿರುವು ತಿರುಗಿಸಿದಳು, ಹಿಂದಕ್ಕೆ ತಂದು ಎರಡು ಕಂಬಗಳ ನಡುವೆ ನಿಲ್ಲಿಸಿದಳು. ಕೊನೆಗೆ ಏರು. ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಬೇಕು. ಹೊರಡುವ ಹೊತ್ತಿಗೆ ಕಾರು ಘರ್ ಎಂದು ಕೂಗಿತು. ಪಿಸು ಕಣ್ಣು ಮುಚ್ಚಿದಳು. ಮೈದುನನೂ ಯಾಕೋ ಉಸಿರು ಹಿಡಿದಿದ್ದ.

ಸದ್ದು ನಿಂತಿತು. ಕಾರು ಒಂದಿಂಚೂ ಹಿಂದಕ್ಕೆ ಜಾರಲಿಲ್ಲ. ಒಳಗೆ ನಡೆದದ್ದನ್ನು ಅತ್ತೆ ಆಮೇಲೆ ಹೇಳಿದಳು. ಕಾಲು ಹಳೆಯ ಜಾಗಕ್ಕೆ ಹೋದದ್ದು ತಿಳಿದ ಕೂಡಲೇ ಅವಳು ನಡುವಿನದನ್ನು ಒತ್ತಿ ಹಿಡಿದು, ಕಣ್ಣು ಮಿಟುಕಿಸಿ, ಮಗುಚು ಎಂದಳಂತೆ. ಏನಮ್ಮ ಅಂದಿರಿ ಎಂದು ಪರೀಕ್ಷಕರು ಕೇಳಿದರಂತೆ. ನಿಮಗಲ್ಲ ಸ್ವಾಮಿ, ಕಾಲಿಗೆ ಎಂದಳಂತೆ. ಆಮೇಲೆ ನೀಲಿಯ ಮೇಲೆ ಒಂದು ಕಾಲು, ಹಸಿರಿನ ಮೇಲೆ ಇನ್ನೊಂದು. ಕಾರು ಏರು ಹತ್ತಿ ತುದಿಯಲ್ಲಿ ನಿಂತಿತು.

ಪಾಸು. ‘ಅಭ್ಯಾಸ ಇನ್ನೂ ಬೇಕು’ ಎಂದು ಪರೀಕ್ಷಕರು ಬಾಯಿಮಾತಿಗೆ ಸೇರಿಸಿದರು. ಅತ್ತೆಗೆ ಮೊದಲ ಶಬ್ದ ಬಿಟ್ಟು ಬೇರೇನೂ ಕೇಳಿಸಲಿಲ್ಲ. ಮೈದುನ ಮೂಗು ಮುರಿಯುತ್ತ ಬಂದು, ಏರಿನಲ್ಲಿ ನಾನು ಇವತ್ತಿಗೂ ಹಿಂದಕ್ಕೆ ಜಾರುತ್ತೇನೆ ಎಂದು ಒಪ್ಪಿಕೊಂಡು, ಕೀಲಿಯನ್ನು ಅವಳ ಅಂಗೈಯಲ್ಲಿಟ್ಟ.

ಮರುದಿನ ಹೋಟೆಲಿಗೆ ಪರದೆ ತಲುಪಿಸಬೇಕಿತ್ತು. ಅತ್ತೆ ಗಂಟೆ ಹೊಡೆಯುವ ಮೊದಲೇ ತಯಾರು. ಮುಂದೆ ಪಿಸು, ಹಿಂದೆ ಪರದೆ ಗಂಟುಗಳ ನಡುವೆ ಮೈದುನ. ಇಳಿಸಲು ಒಬ್ಬ ಗಂಡಾಳು ಬೇಕಲ್ಲ, ಅದಕ್ಕೆ ಮಾತ್ರ ಬಂದೆ ಎಂದು ಅವನು ದಾರಿಯುದ್ದಕ್ಕೂ ಹೇಳಿಕೊಂಡ. ಹೋಟೆಲಿನ ಗೇಟಿನಲ್ಲೇ ವ್ಯಾನು ಕೆಮ್ಮಿ ಆರಿಹೋಯಿತು. ಹಿಂದೆ ಒಂದು ಟ್ಯಾಕ್ಸಿ, ಅದರ ಹಿಂದೆ ಒಂದು ಲಾರಿ, ಎರಡೂ ಹಾರ್ನ್ ಹೊಡೆಯತೊಡಗಿದವು. ಬಿಡಿ, ನಾನು ತೆಗೀತೀನಿ ಎಂದು ಮೈದುನ ಗಂಟುಗಳನ್ನು ದಾಟಿ ಬರಲು ನೋಡಿದ.

“ನೀನು ಅಲ್ಲೇ ಕೂತ್ಕೋ,” ಎಂದಳು ಅತ್ತೆ. ಕಿಟಕಿಯಿಂದ ತಲೆ ಹೊರಹಾಕಿ ಹಿಂದಿನವರಿಗೆ, ನಿನ್ನೆ ತಾನೇ ಪಾಸಾಗಿದ್ದೀನಿ ಅಣ್ಣ, ಒಂದು ನಿಮಿಷ ಕೊಡಿ ಎಂದು ನಗುತ್ತ ಹೇಳಿ, ಕನ್ನಡಕ ಸರಿಪಡಿಸಿಕೊಂಡು ಕೀಲಿ ತಿರುಗಿಸಿದಳು. ಟ್ಯಾಕ್ಸಿಯವನು ಹಾರ್ನಿನಿಂದ ಕೈ ತೆಗೆದ. ವ್ಯಾನು ಒಮ್ಮೆ ಅದುರಿ, ಗೇಟು ದಾಟಿ ಒಳಗೆ ಹೋಯಿತು.